‘ತಮಾಷೆ ಮಾಡು’ ಮತ್ತು ‘ತಮಾಷೆ ನೋಡು’: ಎರಡೂ ಒಂದೇ ತಮಾಷೆಯಾ?

ಹಿಂದಿಯಿಂದ ಕನ್ನಡಕ್ಕೆ ಡಬ್ ಆದ ಧಾರಾವಾಹಿಗಳಲ್ಲಿ ಆಗಾಗ ಕಿವಿಗೆ ಬೀಳುವ ಒಂದು ಮಾತಿದೆ. ಮನೆ ಬಾಗಿಲಲ್ಲಿ ಜಗಳ, ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತಿದ್ದಾರೆ. ಅಳುತ್ತಿರುವ ಸೊಸೆಗೆ ಅತ್ತೆ ಹಲ್ಲು ಕಚ್ಚಿಕೊಂಡು ಹೇಳುತ್ತಾಳೆ: “ಇಲ್ಲಿ ತಮಾಷೆ ಮಾಡಬೇಡ, ಒಳಗೆ ನಡಿ.” ಅಳುತ್ತಿರುವವಳು ಯಾವ ತಮಾಷೆ ಮಾಡಿದಳು ಅಂತ ಕೇಳುವವರಿಗೆ ಗೊಂದಲ. ಹಿಂದಿಯಲ್ಲಿ ಇದ್ದದ್ದು ‘ತಮಾಶಾ ಮತ್ ಕರೋ’. ಅಂದರೆ ನಾಲ್ಕು ಜನ ನೋಡುವ ಹಾಗೆ ಕೂಗಾಡಬೇಡ ಅಂತ. ಕನ್ನಡದಲ್ಲಿ ಅದಕ್ಕೆ ‘ರಂಪ ಮಾಡಬೇಡ’ ಅನ್ನಬೇಕಿತ್ತು. ಬೀದಿರಂಪ ಅನ್ನೋ ಮಾತು ಇರುವುದೇ ಇದಕ್ಕೆ ಅಲ್ವಾ?

ಪದ ಒಂದೇ, ಆದರೆ ಎರಡು ಭಾಷೆಗಳಲ್ಲಿ ಬೇರೆ ಬೇರೆ ದಾರಿ ಹಿಡಿದಿದೆ. ಅರಬ್ಬಿಯಲ್ಲಿ ಇದರ ಬೇರು ‘ನಡೆ’ ಅನ್ನುವ ಅರ್ಥದ್ದು, ಜೊತೆಯಾಗಿ ಅಡ್ಡಾಡುವುದು. ಪಾರ್ಸಿಗೆ ಬಂದಾಗ ಅಡ್ಡಾಡುತ್ತಾ ನೋಡುವುದು, ಆಮೇಲೆ ಬರೀ ನೋಡುವುದು ಅಂತ ಆಯಿತು. ಇವತ್ತಿಗೂ ಇರಾನಿನಲ್ಲಿ ಟಿವಿ ನೋಡುವುದಕ್ಕೆ ‘ತಮಾಶಾ’ ಸೇರಿಸಿಯೇ ಹೇಳುತ್ತಾರೆ. ಹಿಂದಿಯಲ್ಲಿ ನೋಡಿಸಿಕೊಳ್ಳುವ ವಸ್ತು ತಮಾಶಾ: ಆಟ, ಮೇಳ, ಗಲಾಟೆ. ಮರಾಠಿಯಲ್ಲಂತೂ ಅದು ಒಂದು ರಂಗಕಲೆಯ ಹೆಸರೇ, ಲಾವಣಿ, ಢೋಲಕಿ, ನಗಿಸುವ ಸೋಂಗಾಡ್ಯ ಎಲ್ಲ ಇರುವ ಆಟ. ಕನ್ನಡಕ್ಕೆ ಬಂದಾಗ ಇದು ನೋಡುವುದನ್ನು ಬಿಟ್ಟು ನಗುವ ಕಡೆಗೆ ಹೊರಳಿತು. ಮಲಯಾಳದ ‘ತಮಾಶ’, ತಮಿಳಿನ ‘ತಮಾಷ್’ ಕೂಡ ನಮ್ಮ ಹಾಗೇ ನಗೆಯ ಪದಗಳು.

ಕೊನೆಯ ‘ಆ’ ನಮ್ಮಲ್ಲಿ ‘ಎ’ ಆಗಿದ್ದರಲ್ಲಿ ವಿಶೇಷವೇನಿಲ್ಲ. ಜಿಲ್ಲಾ ಜಿಲ್ಲೆ ಆದ ಹಾಗೆ, ಕಾರ್ಖಾನಾ ಕಾರ್ಖಾನೆ ಆದ ಹಾಗೆ.

ಆದರೆ ಹಳೇ ಅರ್ಥ ಕನ್ನಡದಿಂದ ಪೂರ್ತಿ ಹೋಗಿಲ್ಲ. ‘ನೋಡು’ ಅನ್ನುವ ಒಂದು ಕ್ರಿಯಾಪದದ ಜೊತೆ ಅದು ಅಂಟಿಕೊಂಡು ಉಳಿದಿದೆ. “ಅಲ್ಲಿ ಒಬ್ಬ ಬೈಕಿನಿಂದ ಬಿದ್ದು ನರಳ್ತಿದ್ರೆ ಜನ ಸುಮ್ನೆ ತಮಾಷೆ ನೋಡ್ತಾ ನಿಂತಿದ್ರು.” ಇಲ್ಲಿ ನಗುವಂಥದ್ದು ಏನೂ ಇಲ್ಲ. ಯಾರೂ ನಕ್ಕೂ ಇಲ್ಲ. ಬೈಗುಳ ಇರುವುದು ಕೈ ಕಟ್ಟಿ ನಿಂತವರಿಗೆ. ಬೇಕಾದರೆ ಪದ ಬದಲಿಸಿ ನೋಡಿ. ‘ತಮಾಷೆ ಮಾಡಿದ’ ಅನ್ನುವ ಕಡೆ ‘ಹಾಸ್ಯ ಮಾಡಿದ’, ‘ಜೋಕ್ ಮಾಡಿದ’ ಅಂದರೂ ನಡೆಯುತ್ತದೆ. ‘ಜನ ಹಾಸ್ಯ ನೋಡುತ್ತಾ ನಿಂತಿದ್ದರು’ ಅಂದರೆ ಅರ್ಥವೇ ಕೆಡುತ್ತದೆ. ನನ್ನ ಪ್ರಕಾರ ನಿಘಂಟಿನಲ್ಲಿ ‘ತಮಾಷೆ’ಗೆ ಅರ್ಥ ಕೊಟ್ಟು ಬಿಟ್ಟರೆ ಸಾಲದು, ‘ತಮಾಷೆ ನೋಡು’ ಅನ್ನುವುದನ್ನು ಬೇರೆಯೇ ನುಡಿಗಟ್ಟಾಗಿ ಕೊಡಬೇಕು.

ಇದನ್ನೇ ತಿರುಗಿಸಿ ಹಾಕಿದರೆ ಇನ್ನೊಂದು ಅರ್ಥ. “ಅಪ್ಪ ಬರಲಿ, ಆಮೇಲೆ ನೋಡು ತಮಾಷೆ.” ಇದು ಬೆದರಿಕೆ! ಹೇಳುವವನಿಗೆ ಒಳಗೊಳಗೇ ಖುಷಿ, ಕೇಳುವವನಿಗೆ ಬೆವರು.

‘ಮಾಡು’ ಜೊತೆಗೂ ಒಂದು ಸೂಕ್ಷ್ಮ ಇದೆ. ‘ಅವನ ಜೊತೆ ತಮಾಷೆ ಮಾಡಿದರು’ ಅಂದರೆ ಅವನೂ ನಕ್ಕ ಅಂತ. ‘ಅವನನ್ನು ತಮಾಷೆ ಮಾಡಿದರು’ ಅಂದರೆ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ನಕ್ಕರು ಅಂತ. ಬರೀ ವಿಭಕ್ತಿ ಬದಲಾಗಿದ್ದಕ್ಕೆ ಗೆಳೆತನ ಗೇಲಿಯಾಯಿತು. ಇಂಥ ಆಟ ಮಿತಿ ಮೀರಿದಾಗಲೇ ‘ತಮಾಷೆ ಹೋಗಿ ಅಮಾಸೆ ಆಯ್ತು’ ಅನ್ನುವುದು.

ಇನ್ನು ‘ತಮಾಷೆಗೆ ಹೇಳಿದೆ’ ಅನ್ನುವುದು ಎಲ್ಲರಿಗೂ ಗೊತ್ತಿರುವ ರಕ್ಷಾಕವಚ. ಆದರೆ ‘ತಮಾಷೆಗೂ ಹಾಗನ್ನಬೇಡ’ ಅಂತ ಒಂದು ‘ಊ’ ಸೇರಿಸಿದರೆ ಆ ಕವಚವೂ ಇಲ್ಲ. ಸಾವು, ಕಾಯಿಲೆಯ ಮಾತು ಬಂದಾಗ ಮನೆಯಲ್ಲಿ ದೊಡ್ಡವರು ಹೇಳುವುದು ಇದನ್ನೇ. ‘ಮನೆ ಕಟ್ಟೋದು ಅಂದ್ರೆ ತಮಾಷೆನಾ?’ ಅನ್ನುವಾಗ ತಮಾಷೆ ಅಂದರೆ ಸುಲಭದ ಕೆಲಸ. ‘ತಮಾಷೆ ಏನಪ್ಪಾ ಅಂದ್ರೆ, ಕಳ್ಳನೇ ಬಂದು ದೂರು ಕೊಟ್ಟ’ ಅನ್ನುವಾಗ ವಿಚಿತ್ರ.

ಊರೂರಿಗೆ ಈ ಪದಕ್ಕೆ ಪೈಪೋಟಿಯೂ ಇದೆ. ಉತ್ತರ ಕರ್ನಾಟಕದಲ್ಲಿ ‘ಚಾಷ್ಟಿ ಮಾಡಬ್ಯಾಡ’ ಅನ್ನುವುದೇ ಜಾಸ್ತಿ. ಅದು ಸಂಸ್ಕೃತದ ಚೇಷ್ಟೆ. ಸಂಸ್ಕೃತದಲ್ಲಿ ಅದರ ಮೊದಲ ಅರ್ಥ ಬರೀ ಚಲನೆ. ಅರಬ್ಬಿಯ ‘ಮಸ್ಖರಾ’ದ ಕಡೆಯಿಂದ ಬಂದ ಮಸ್ಕಿರಿಯೂ ಆ ಕಡೆ ಕೇಳುತ್ತದೆ. ದಕ್ಷಿಣ ಕನ್ನಡದವರು ‘ಕುಶಾಲು ಮಾಡಿದ್ದು ಮಾರಾಯ’ ಅನ್ನುತ್ತಾರೆ. ನಗು ನಮ್ಮದೇ, ದ್ರಾವಿಡದ್ದು. ನಗಿಸುವ ಕೆಲಸಕ್ಕೆ ಮಾತ್ರ ನಾವು ಹಾಸ್ಯ, ವಿನೋದ, ತಮಾಷೆ, ಮಸ್ಕಿರಿ, ಜೋಕು ಅಂತ ಸುತ್ತಲೂ ಸಾಲ ಮಾಡಿದ್ದೇವೆ.

ಹತ್ತಿರದ ನೆಂಟ ‘ಮಜಾ’. ಪಾರ್ಸಿಯಲ್ಲಿ ಅದು ರುಚಿ. ‘ಮಜಾ ಬಂತು’ ಅಂದರೆ ನನಗೆ ಖುಷಿಯಾಯಿತು. ‘ಮಜಾ ತಗೊಂಡ್ರು’ ಅಂದರೆ ಇನ್ನೊಬ್ಬರ ಪೇಚಾಟದಲ್ಲಿ ಖುಷಿಪಟ್ಟರು. ‘ನೋಡು’ ಜೊತೆ ಇದೂ ಸೇರುತ್ತದೆ, ಆದರೆ ‘ಮಜಾ ನೋಡ್ತಾ ಕೂತಿದ್ದ’ ಅಂದರೆ ಅವನಿಗೆ ಅದು ಹಿಡಿಸಿತು ಅಂತ. ‘ತಮಾಷೆ ನೋಡ್ತಾ ನಿಂತಿದ್ದ’ ಅಂದರೆ ಹಿಡಿಸಲೇಬೇಕು ಅಂತಿಲ್ಲ, ಸಹಾಯಕ್ಕೆ ಬರಲಿಲ್ಲ ಅಷ್ಟೇ.

ಈಗಿನ ಹುಡುಗರ ಬಾಯಲ್ಲಿ ‘ತಮಾಷೆ ಮಾಡ್ತಿದ್ಯಾ?’ ಅನ್ನುವ ಜಾಗಕ್ಕೆ ‘ಕಾಮಿಡಿ ಮಾಡ್ತಿದ್ಯಾ?’ ಬಂದು ಕೂತಿದೆ. ತೊಂದರೆಯಿಲ್ಲ, ಕೆಲಸ ಅದೇ. ಆದರೆ ಅವರೇ ರಸ್ತೆಯಲ್ಲಿ ಬಿದ್ದವನ ಸುತ್ತ ಮೊಬೈಲ್ ಹಿಡಿದು ನಿಂತವರನ್ನು ಬೈಯುವಾಗ ‘ಕಾಮಿಡಿ ನೋಡ್ತಿದ್ದೀರಾ?’ ಅನ್ನುವುದಿಲ್ಲ. ಅಲ್ಲಿ ಇನ್ನೂ ‘ಏನ್ರೀ, ತಮಾಷೆ ನೋಡ್ತಿದ್ದೀರಾ?’