ಬಳಕೆಯಲ್ಲಿಲ್ಲದ ಸಿಸ್ಟಮ್‌ಗಳನ್ನು ಅಸೆಟ್ ರಿಪೋರ್ಟ್‌ನಿಂದ ಬೇರ್ಪಡಿಸುವುದು ಹೇಗೆ?

ಪ್ರಶ್ನೆ
ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ನಮ್ಮ ಆಫೀಸುಗಳಿವೆ, ಡೊಮೇನ್ (ಕಂಪ್ಯೂಟರ್, ಅಕೌಂಟ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಗುಂಪು) ಒಂದೇ. ಕಂಪ್ಯೂಟರ್‌ಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಎಸ್‌ಸಿಸಿಎಂನಿಂದ ತೆಗೆಯುವ ತಿಂಗಳ ರಿಪೋರ್ಟ್‌ನಲ್ಲಿ ಎಂದೋ ಮೂಲೆ ಸೇರಿದ ಮಷೀನ್‌ಗಳೂ ಬರುತ್ತವೆ, ಲೈಸೆನ್ಸ್ ಲೆಕ್ಕ ತಪ್ಪುತ್ತಿದೆ. ಎಡಿಯ (ಆಕ್ಟಿವ್ ಡೈರೆಕ್ಟರಿ, ಡೊಮೇನಿನ ಅಕೌಂಟ್‌ಗಳ ದಾಖಲೆ) ಲಾಸ್ಟ್‌ಲಾಗಾನ್‌ಡೇಟ್ (ಕೊನೆಯ ಲಾಗಿನ್ ದಿನಾಂಕ) ನೋಡಿ 30 ದಿನ ದಾಟಿದ್ದನ್ನು ಬಿಟ್ಟರೆ, ಹಾಸನ, ಶಿವಮೊಗ್ಗದಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್‌ಗಳೂ ಹೊರಗುಳಿಯುತ್ತವೆ. ಸರಿಯಾದ ದಾರಿ ಯಾವುದು?

ಉತ್ತರ 1
ಸರ್, 30 ದಿನ ತೀರಾ ಕಡಿಮೆ. ಲಾಸ್ಟ್‌ಲಾಗಾನ್‌ಡೇಟ್ ಬರುವುದು ಲಾಸ್ಟ್‌ಲಾಗಾನ್‌ಟೈಮ್‌ಸ್ಟ್ಯಾಂಪ್ ಎಂಬ ಫೀಲ್ಡ್‌ನಿಂದ. ಅದು ಪ್ರತಿ ಲಾಗಿನ್‌ಗೂ ಬದಲಾಗುವುದಿಲ್ಲ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಹಳೆಯ ದಿನಾಂಕಕ್ಕೆ 9ರಿಂದ 14 ದಿನ ಆದಮೇಲಷ್ಟೇ ಹೊಸದು ಬರೆಯುತ್ತದೆ. ಅಂದರೆ 30 ದಿನ ಹಳೆಯದು ಅಂತ ಕಾಣುವ ಮಷೀನ್ 16 ದಿನದ ಹಿಂದೆ ಓಡಿರಬಹುದು. ಲಾಸ್ಟ್‌ಲಾಗಾನ್ ಎಂಬ ಇನ್ನೊಂದು ಫೀಲ್ಡ್ ನೋಡೋಣ ಅಂದರೆ ಅದು ರೆಪ್ಲಿಕೇಟ್ ಆಗುವುದಿಲ್ಲ (ಸರ್ವರ್‌ಗಳ ನಡುವೆ ನಕಲಾಗುವುದಿಲ್ಲ), ಒಂದೊಂದು ಡಿಸಿಯಲ್ಲಿ (ಡೊಮೇನ್ ಕಂಟ್ರೋಲರ್, ಲಾಗಿನ್ ಪರಿಶೀಲಿಸುವ ಸರ್ವರ್) ಒಂದೊಂದು ದಿನಾಂಕ.

90 ದಿನ ಇಟ್ಟುಕೊಳ್ಳಿ, ಜೊತೆಗೆ ಪಾಸ್‌ವರ್ಡ್‌ಲಾಸ್ಟ್‌ಸೆಟ್ (ಪಾಸ್‌ವರ್ಡ್ ಕೊನೆಯದಾಗಿ ಬದಲಾದ ದಿನಾಂಕ) ಕೂಡ ನೋಡಿ. ಕಂಪ್ಯೂಟರ್ ಅಕೌಂಟ್ ತನ್ನ ಪಾಸ್‌ವರ್ಡನ್ನು 30 ದಿನಕ್ಕೊಮ್ಮೆ ತಾನೇ ಬದಲಿಸುತ್ತದೆ. ಎರಡೂ 90 ದಾಟಿದ್ದರೆ ಮಾತ್ರ ಅನುಮಾನದ ಪಟ್ಟಿಗೆ ಹಾಕಿ. ಪವರ್‌ಶೆಲ್‌ನಲ್ಲಿ (ಈ ಪಟ್ಟಿ ತೆಗೆಯುವ ವಿಂಡೋಸ್ ಸ್ಕ್ರಿಪ್ಟ್ ಭಾಷೆ) ಇನ್ನೊಂದು ಎಡವಟ್ಟಿದೆ: ದಿನಾಂಕ ಖಾಲಿ ಇದ್ದರೆ ಅದೂ "ಹಳೆಯದು" ಎಂದೇ ಲೆಕ್ಕಕ್ಕೆ ಬರುತ್ತದೆ. ಮೊನ್ನೆ ಅಕೌಂಟ್ ಮಾಡಿಟ್ಟು ಇನ್ನೂ ಡೊಮೇನ್‌ಗೆ ಸೇರಿಸದ ಹೊಸ ಮಷೀನ್‌ಗಳು ಹೀಗೇ ಸಿಕ್ಕಿಬೀಳುತ್ತವೆ. ಅಕೌಂಟ್ ಸೃಷ್ಟಿಯಾದ ದಿನಾಂಕವನ್ನೂ ಷರತ್ತಿಗೆ ಸೇರಿಸಿ.

ಉತ್ತರ 2
ಮನೆಯಿಂದ ಕೆಲಸ ಮಾಡುವವರು ವಿಪಿಎನ್ ಹಾಕದೆ ಬ್ರೌಸರ್, ಔಟ್‌ಲುಕ್‌ನಲ್ಲೇ ಕೆಲಸ ಮುಗಿಸಿದರೆ ಆ ಲ್ಯಾಪ್‌ಟಾಪ್ ಡಿಸಿಯನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಎಡಿ ಒಂದನ್ನೇ ನಂಬಬೇಡಿ. ಎಸ್‌ಸಿಸಿಎಂನಲ್ಲಿ ವಿ_ಸಿಎಚ್_ಕ್ಲೈಂಟ್‌ಸಮ್ಮರಿ ವ್ಯೂ (ಡೇಟಾಬೇಸಿನ ಸಿದ್ಧ ಪಟ್ಟಿ) ಇದೆ. ಕ್ಲೈಂಟ್‌ಆಕ್ಟಿವ್‌ಸ್ಟೇಟಸ್ 1 ಇದ್ದರೆ ಆಕ್ಟಿವ್. ಮಷೀನ್‌ಗಳ ಪಟ್ಟಿಯಾದ ವಿ_ಆರ್_ಸಿಸ್ಟಮ್ ಜೊತೆ ರಿಸೋರ್ಸ್‌ಐಡಿ ಮೇಲೆ ಲೆಫ್ಟ್ ಜಾಯಿನ್ (ವಿ_ಆರ್_ಸಿಸ್ಟಮ್‌ನ ಎಲ್ಲ ಸಾಲೂ ಉಳಿಯುವ ಜೋಡಣೆ) ಮಾಡಿ, ಅಬ್ಸೊಲೀಟ್0 ಕಾಲಂ 1 ಇರುವ ಸಾಲುಗಳನ್ನು (ಹಳತಾದ ದಾಖಲೆಗಳು) ತೆಗೆದುಹಾಕಿ. ರೀಇಮೇಜ್ ಆದ (ವಿಂಡೋಸ್ ಮತ್ತೆ ಹಾಕಿದ) ಮಷೀನ್ ಎರಡೆರಡು ಸಲ ಬರುವುದು ಆ ಸಾಲುಗಳಿಂದ.

ಆದರೆ ಸ್ಟೇಟಸ್ ಷರತ್ತನ್ನು ಕ್ವೆರಿಯ ವೇರ್ (WHERE) ಭಾಗದಲ್ಲಿ ಬರೆದರೆ ಎಸ್‌ಸಿಸಿಎಂ ಕ್ಲೈಂಟೇ (ಮಷೀನಿನಲ್ಲಿ ಕೂರುವ ಅದರ ಪ್ರೋಗ್ರಾಂ) ಇಲ್ಲದ ಮಷೀನ್‌ಗಳು ಸದ್ದಿಲ್ಲದೆ ಮಾಯವಾಗುತ್ತವೆ, ಲೆಫ್ಟ್ ಜಾಯಿನ್ ಹಾಕಿಯೂ ಪ್ರಯೋಜನವಿಲ್ಲ. ಅವುಗಳನ್ನು "ಕ್ಲೈಂಟ್ ಇಲ್ಲ" ಅಂತ ಬೇರೆಯೇ ಎಣಿಸಿ. ಕ್ಲೌಡ್ ಮ್ಯಾನೇಜ್‌ಮೆಂಟ್ ಗೇಟ್‌ವೇ (ಇಂಟರ್ನೆಟ್ ಮೂಲಕ ಎಸ್‌ಸಿಸಿಎಂ ತಲುಪಿಸುವ ಸೇವೆ) ಇಲ್ಲದಿದ್ದರೆ ಹೊರಗಿನ ಲ್ಯಾಪ್‌ಟಾಪ್‌ಗಳ ಹಾರ್ಟ್‌ಬೀಟ್ ("ನಾನಿದ್ದೇನೆ" ಎಂಬ ಸಂದೇಶ) ಎಸ್‌ಸಿಸಿಎಂಗೂ ತಲುಪುವುದಿಲ್ಲ. ಇಂಟ್ಯೂನ್ (ಮೈಕ್ರೋಸಾಫ್ಟ್‌ನ ಕ್ಲೌಡ್ ನಿರ್ವಹಣಾ ಸೇವೆ) ಇದ್ದರೆ ಅದರ ಕೊನೆಯ ಚೆಕ್‌ಇನ್ ತೆಗೆದುಕೊಳ್ಳಿ. ಎಡಿ, ಎಸ್‌ಸಿಸಿಎಂ, ಇಂಟ್ಯೂನ್ ಮೂರರಲ್ಲಿ ಯಾವುದು ಇತ್ತೀಚಿನದೋ ಅದೇ ಆ ಮಷೀನಿನ ದಿನಾಂಕ.

ಪ್ರಶ್ನೆ ಕೇಳಿದವರು
ಧನ್ಯವಾದ. ಹೀಗೆ ಸಿಕ್ಕಿದ್ದನ್ನು ಎಡಿಯಿಂದ ಡಿಲೀಟ್ ಮಾಡಬಹುದಾ?

ಉತ್ತರ 3
ದಯವಿಟ್ಟು ಆತುರ ಬೇಡ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀಗಳನ್ನು ಎಡಿಯಲ್ಲಿ ಇಟ್ಟಿದ್ದರೆ ಅವು ಕಂಪ್ಯೂಟರ್ ಆಬ್ಜೆಕ್ಟ್‌ನ ಒಳಗೇ ಇರುತ್ತವೆ. ಆಬ್ಜೆಕ್ಟ್ ಹೋದರೆ ಕೀಯೂ ಹೋಯಿತು. ಎಡಿ ರೀಸೈಕಲ್ ಬಿನ್ ತಾನಾಗಿ ಆನ್ ಆಗಿರುವುದಿಲ್ಲ, ಮೊದಲು ಅದನ್ನು ನೋಡಿ. ಆಮೇಲೆ ಡಿಸೇಬಲ್ ಮಾಡಿ, ಬೇರೆ ಓಯುಗೆ (ಎಡಿಯ ಒಳಗಿನ ಫೋಲ್ಡರ್‌ನಂಥದ್ದು) ಸರಿಸಿ, ಒಂದು ತಿಂಗಳು ಕಾಯಿರಿ. ಹೆರಿಗೆ ರಜೆ, ಲಾಂಗ್ ಲೀವ್‌ನಲ್ಲಿರುವವರ ಪಟ್ಟಿಯನ್ನು ಎಚ್‌ಆರ್‌ನಿಂದ ತರಿಸಿಕೊಳ್ಳಿ. ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಹೆಸರಿನ ಅಕೌಂಟ್‌ಗಳನ್ನಂತೂ ಈ ಪಟ್ಟಿಗೆ ಸೇರಿಸಲೇಬೇಡಿ, ಡಿಸೇಬಲ್ ಮಾಡಿದರೆ ಕ್ಲಸ್ಟರ್‌ಗೇ ಪೆಟ್ಟು.

ಅಸೆಟ್ ರಿಜಿಸ್ಟರ್‌ನಿಂದ ಮಾತ್ರ ಸಾಲು ಅಳಿಸಬೇಡಿ. ಸ್ಟೋರ್ ರೂಮಿನಲ್ಲಿದ್ದರೂ ಅದು ಕಂಪನಿಯ ಸ್ವತ್ತೇ. "ಸ್ಟೋರ್‌ನಲ್ಲಿದೆ", "ಸ್ಕ್ರ್ಯಾಪ್", "ಪತ್ತೆಯಿಲ್ಲ" ಅಂತ ಸ್ಟೇಟಸ್ ಕಾಲಂ ಇಟ್ಟು, ಲೈಸೆನ್ಸ್ ರಿಪೋರ್ಟ್ ತೆಗೆಯುವಾಗ ಅದರ ಮೇಲೆ ಫಿಲ್ಟರ್ ಹಾಕಿ. ಹೊಂದಿಸುವಾಗ ಹೋಸ್ಟ್‌ನೇಮ್ ಬೇಡ, ಸೀರಿಯಲ್ ನಂಬರ್ ಹಿಡಿಯಿರಿ.