ಹಿತ್ತಾಳೆ ಕೊಡದ ಟೇಬಲ್ ಲ್ಯಾಂಪಿಗೆ ಎರಡು ಎಳೆಯ ವೈರ್ ಸಾಕೇ?

ಪ್ರಶ್ನೆ:
ಅಜ್ಜಿ ಬಳಸುತ್ತಿದ್ದ ಹಿತ್ತಾಳೆಯ ಚಿಕ್ಕ ಕೊಡವನ್ನು ಟೇಬಲ್ ಲ್ಯಾಂಪ್ ಮಾಡಬೇಕೆಂದಿದ್ದೇನೆ. ಬುಡದ ಬಳಿ ವೈರಿಗಾಗಿ ತೂತು ಕೊರೆಸಿದ್ದಾಗಿದೆ. ಸ್ಕ್ರೂ ಹೋಲ್ಡರ್, ಎರಡು ಎಳೆಯ ವೈರ್, ಎರಡು ಪಿನ್ನಿನ ಪ್ಲಗ್, 9 ವ್ಯಾಟಿನ ಎಲ್‌ಇಡಿ ಬಲ್ಬ್ ತಂದಿದ್ದೇನೆ. ವೈರಿಂಗ್ ಕೆಲಸ ನನಗೆ ಇದೇ ಮೊದಲು. ಇಷ್ಟು ಸಣ್ಣ ಬಲ್ಬಿಗೂ ಅರ್ಥಿಂಗ್ ಬೇಕೇ?

ಉತ್ತರ 1:
ಖಂಡಿತ ಬೇಕು. ಅರ್ಥಿಂಗ್ ಎಂದರೆ ಸೋರಿದ ಕರೆಂಟನ್ನು ನೆಲಕ್ಕೆ ಹರಿಸುವ ತಂತಿ. ಬಲ್ಬ್ ಸಣ್ಣದಾದರೂ ಮನೆಗೆ ಬರುವುದು 230 ವೋಲ್ಟ್. ಕೊಡದೊಳಗೆ ಫೇಸ್ ತಂತಿಯ (ಕರೆಂಟ್ ತರುವ ತಂತಿ) ಹೊದಿಕೆ ಸವೆದು ಹಿತ್ತಾಳೆಗೆ ತಾಗಿದರೂ ಬಲ್ಬ್ ಎಂದಿನಂತೆಯೇ ಉರಿಯುತ್ತಿರುತ್ತದೆ. ಹಾಗಾಗಿ ಯಾರಾದರೂ ಕೊಡವನ್ನು ಮುಟ್ಟಿ ಶಾಕ್ ಹೊಡೆಸಿಕೊಳ್ಳುವವರೆಗೂ ವಿಷಯ ತಿಳಿಯುವುದಿಲ್ಲ. ಐಎಸ್‌ಐ ಗುರುತಿರುವ ಮೂರು ಎಳೆಯ 0.75 ಚದರ ಮಿಲಿಮೀಟರ್ ವೈರ್ ಮತ್ತು 6 ಆಂಪಿಯರಿನ ಮೂರು ಪಿನ್ನಿನ ಪ್ಲಗ್ ತನ್ನಿ. ಅರ್ಥಿಂಗಿನ ಹಸಿರು ತಂತಿಯ ತುದಿಗೆ ಲಗ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಹಾಕಿ, ಕೊಡದ ಒಳಮೈಯನ್ನು ಲೋಹ ಹೊಳೆಯುವಷ್ಟು ಉಜ್ಜಿ, ಬೋಲ್ಟ್ ಹಾಕಿ ಬಿಗಿಯಿರಿ. ಕೊರೆದ ತೂತಿನ ಅಂಚು ಬ್ಲೇಡಿನಂತೆ ಇರುತ್ತದೆ. ಅದನ್ನು ಅರದಿಂದ ನಯಗೊಳಿಸಿ ರಬ್ಬರ್ ಬುಶ್ ಕೂರಿಸಿದ ಮೇಲೆಯೇ ವೈರ್ ಎಳೆಯಿರಿ.

ಉತ್ತರ 2:
ಹೋಲ್ಡರಿನ ಬಗ್ಗೆ ಒಂದು ಮಾತು. ಸ್ಕ್ರೂ ಹೋಲ್ಡರಿನಲ್ಲಿ ಫೇಸ್ ತಂತಿ ನಡುವಿನ ಪಟ್ಟಿಗೂ ನ್ಯೂಟ್ರಲ್ ತಂತಿ (ಕರೆಂಟ್ ಮರಳುವ ತಂತಿ) ಬಲ್ಬ್ ತಿರುಗಿಸಿ ಕೂರಿಸುವ ತಿರುಪಿನ ಸುತ್ತಿಗೂ ಸೇರಬೇಕು. ಇದು ಅದಲುಬದಲಾದರೆ ಬಲ್ಬ್ ತಿರುಗಿಸುವಾಗ ಬೆರಳು ತಾಗಬಹುದಾದ ಆ ಸುತ್ತಿನಲ್ಲೇ ಕರೆಂಟ್ ಇರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಸಿಕ್ಕಿಸಬಹುದಾದ್ದರಿಂದ ಅದರಲ್ಲಿ ಈ ಎಚ್ಚರಿಕೆಗೆ ಅರ್ಥವೇ ಉಳಿಯುವುದಿಲ್ಲ. ವೈರಿನ ನಡುವೆ ಸ್ವಿಚ್ ಹಾಕುವುದಾದರೆ ಅದು ಫೇಸ್ ತಂತಿಯನ್ನೇ ಕತ್ತರಿಸುವಂತಿರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎಲ್ಲವನ್ನೂ ಬಿಚ್ಚಿ ಮೂರು ಎಳೆಯ ವೈರ್ ಹಾಕಿದ್ದೇನೆ. ಬಿಚ್ಚುವಾಗ ನೋಡಿದರೆ, ಹೋಲ್ಡರಿನ ತಿರುಪಿನಿಂದ ಹೊರಚಾಚಿದ್ದ ಕೂದಲೆಳೆಯಷ್ಟು ತಾಮ್ರದ ಎಳೆಯೊಂದು ಕೊಡದ ಕಂಠಕ್ಕೆ ತಾಗುವಂತಿತ್ತು. ಈಗ ಪ್ಲಗ್ ಸಿಕ್ಕಿಸಬಹುದೇ?

ಉತ್ತರ 1:
ಎಳೆಗಳನ್ನು ಬಿಗಿಯಾಗಿ ಹೊಸೆದು, ಎಲ್ಲವೂ ತಿರುಪಿನಡಿ ಸೇರುವಂತೆ ಮಾಡಿ. ಬಳಿಕ ಬಲ್ಬ್ ತೆಗೆದು, ಪ್ಲಗ್ ಹೊರಗೇ ಇರುವಾಗ, ಲ್ಯಾಂಪಿನ ಸ್ವಿಚ್ ಆನ್ ಮಾಡಿ ಮಲ್ಟಿಮೀಟರಿನ ಬೀಪ್ ಪರೀಕ್ಷೆ ನಡೆಸಿ (ಮುಟ್ಟಿಸಿದ ಎರಡು ಜಾಗಗಳ ನಡುವೆ ಸಂಪರ್ಕವಿದ್ದರೆ ಮೀಟರ್ ಬೀಪ್ ಎನ್ನುತ್ತದೆ). ಅರ್ಥಿಂಗಿನ ದಪ್ಪ ಪಿನ್ನಿಗೂ ಕೊಡಕ್ಕೂ ನಡುವೆ ಬೀಪ್ ಬರಬೇಕು. ಉಳಿದೆರಡು ಪಿನ್ನುಗಳಿಗೂ ಕೊಡಕ್ಕೂ ನಡುವೆ ಬರಲೇಬಾರದು. ವೈರನ್ನು ಅತ್ತಿತ್ತ ಅಲುಗಾಡಿಸಿ ಮತ್ತೊಮ್ಮೆ ನೋಡಿ. ಹಳೆಯ ಮನೆಯಾದರೆ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ತಂತಿಯನ್ನೇ ಕೊಟ್ಟಿರದ ಸಂಭವವಿದೆ; ಎಲೆಕ್ಟ್ರಿಷಿಯನ್ನರಿಂದ ಅದನ್ನು ಪರೀಕ್ಷೆ ಮಾಡಿಸಿದ ಮೇಲೆ ಪ್ಲಗ್ ಸಿಕ್ಕಿಸಿ.