ವಿಷಯ: ‘ವಿಮಾನ ದೂರ’ ಸರಿಯಾ? ಇವತ್ತೇ ಬೇಕು

ಎಲ್ಲರಿಗೂ ನಮಸ್ಕಾರ. ವಿಮಾನದ ಟಿಕೆಟ್ ಮಾಡಿಸಿಕೊಡುವ ಅಂಗಡಿಯೊಂದಕ್ಕೆ ಬೋರ್ಡ್ ಬರೆದುಕೊಡುತ್ತಿದ್ದೇನೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಸಾಲಿನಲ್ಲಿ ಎರಡು ಅಂಕಿ: ಸುಮಾರು 14,000 ಕಿ.ಮೀ., ಸುಮಾರು 17 ಗಂಟೆ. ಇವಕ್ಕೆ ತಲೆಬರಹ ಬೇಕು. ‘ವಿಮಾನ ದೂರ’ ಅಂದರೆ ವಿಮಾನ ಎಲ್ಲೋ ದೂರ ನಿಂತಿದೆ ಅನ್ನಿಸುತ್ತೆ. ‘ಪ್ರಯಾಣದ ಸಮಯ’ ಅಂದರೆ ಎಷ್ಟು ಗಂಟೆಗೆ ಹೊರಡೋದು ಅಂತ ಕೇಳ್ತಾರೆ. ಸಂಜೆ ಐದಕ್ಕೆ ಪ್ರಿಂಟಿಗೆ ಹೋಗುತ್ತೆ.
– ಜಯನಗರ

ದೂರ, ಸಮಯ, ವಿಮಾನ, ಪ್ರಯಾಣ. ನಾಲ್ಕೂ ಸಂಸ್ಕೃತ. ನಮ್ಮದೇ ಗಾವುದ ಇರುವಾಗ ಸಾಲ ಯಾಕೆ? ‘ಹಾರುಗಾವುದ’, ‘ಹಾರುಹೊತ್ತು’ ಅಂತ ಹಾಕಿ.
– ಮಲ್ಲೇಶ್ವರ

ಗಾವುದ ನಮ್ಮದು ಅಂತ ಯಾರು ಹೇಳಿದ್ದು? ಸಂಸ್ಕೃತದ ‘ಗವ್ಯೂತಿ’ಯ ತದ್ಭವ ಅದು. ವೇದದಲ್ಲಿ ಅದು ದನ ಮೇಯುವ ಬಯಲು. ಗಾವುದಕ್ಕೆ 12 ಮೈಲಿ ಹಿಡಿದರೆ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 725 ಗಾವುದ. ಬೋರ್ಡ್ ನೋಡಿ ಯಾರು ಟಿಕೆಟ್ ತಗೋತಾರೆ? ಇನ್ನು ಯಾರಾದರೂ ‘ಕಾಗೆ ಹಾರಿದ ದೂರ’ ಅಂತ ಬರೆಯುವ ಮುಂಚೆಯೇ ಹೇಳ್ತೀನಿ, ಅದು ಇಂಗ್ಲಿಷಿನ ‘ಆ್ಯಸ್ ದ ಕ್ರೋ ಫ್ಲೈಸ್’ನಿಂದ ಬಂದ ಕಾಗೆ. ಬೇಡ.
– ಬಸವನಗುಡಿ

ತದ್ಭವ ಆದಮೇಲೆ ನಮ್ಮದೇ.
– ಮಲ್ಲೇಶ್ವರ

ಹಾಗಾದರೆ ಬಸ್ಸು, ಕಾರು, ರೈಲೂ ನಮ್ಮವೇ. ಕೊನೆಗೊಂದು ‘ಉ’ ಹಚ್ಚಿ ಒಳಗೆ ಬಿಟ್ಟುಕೊಂಡಿಲ್ವಾ? ಸಂಸ್ಕೃತಕ್ಕೊಂದು ಬಾಗಿಲು, ಇಂಗ್ಲಿಷಿಗೊಂದು ಬಾಗಿಲಾ?
– ಬಸವನಗುಡಿ

ಜಗಳ ಆಮೇಲೆ ಆಡಿ. ಆ 17 ಗಂಟೆ ಯಾವುದು ಅಂತ ಯಾರೂ ಕೇಳಲಿಲ್ಲ. ಟಿಕೆಟ್ಟಿನಲ್ಲಿ ಬರೋದು ಬ್ಲಾಕ್ ಟೈಮ್. ಗಾಲಿಗೆ ಒತ್ತುಕೊಟ್ಟ ದಿಮ್ಮಿ ತೆಗೆದು ವಿಮಾನ ಕದಲಿದಾಗಿನಿಂದ, ಆ ಕಡೆ ನಿಂತು ಮತ್ತೆ ಗಾಲಿಗೆ ಒತ್ತು ಕೊಡುವವರೆಗೆ. ನೆಲದ ಮೇಲೆ ಉರುಳೋದೂ ಇದರಲ್ಲಿ ಸೇರುತ್ತೆ. ಹಾಗಾಗಿ ‘ಹಾರಾಟದ ಅವಧಿ’ ಅಂತ ಹಾಕಿದರೆ ತಪ್ಪು. ಅದು ಇದಕ್ಕಿಂತ ಕಮ್ಮಿ. ಹೊರಟ ಗಂಟೆ, ಇಳಿದ ಗಂಟೆ ನೋಡಿ ಸುಮ್ನೆ ಕಳೆಯೋಕೂ ಹೋಗಬೇಡಿ. ಅಲ್ಲಿಯ ಗಡಿಯಾರ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಮಧ್ಯಾಹ್ನ ದೇವನಹಳ್ಳಿಯಲ್ಲಿ ಹತ್ತಿದವರು ಅದೇ ದಿನ ಸಂಜೆ ಇಳಿದೆವು ಅನ್ನೋದು ಇದಕ್ಕೇ.

14,000 ಕೂಡ ವಿಮಾನ ಹಾರಿದಷ್ಟು ದೂರ ಅಲ್ಲ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರ ಬಿಗಿದರೆ ಬರುವ ಅಳತೆ. ಪೈಲಟ್ ಗಾಳಿ ನೋಡಿ ದಾರಿ ಬದಲಿಸುತ್ತಾರೆ. 2021ರ ಜನವರಿಯಲ್ಲಿ ಹೆಣ್ಣುಮಕ್ಕಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಇಲ್ಲಿಗೆ ಬಂತಲ್ಲ. ಆದ್ದರಿಂದ ಮೊದಲನೆಯದಕ್ಕೆ ‘ನೇರ ದೂರ’ ಸಾಕು.
– ಯಲಹಂಕ

‘ನೇರ’ ಒಪ್ಪಿದೆ. ‘ದೂರ’ ಒಪ್ಪಲ್ಲ.
– ಮಲ್ಲೇಶ್ವರ

ಟೈಮ್ ಆಯ್ತು. ‘ನೇರ ದೂರ’, ‘ಎಷ್ಟು ಗಂಟೆ’ ಅಂತ ಹಾಕಿ ಕಳಿಸಿಬಿಟ್ಟೆ. ಎಲ್ಲರಿಗೂ ಥ್ಯಾಂಕ್ಸ್.
– ಜಯನಗರ

‘ಗಂಟೆ’ಯೂ ಸಂಸ್ಕೃತದ ಘಂಟಾ. ಗೊತ್ತಿದ್ದೇ ಹಾಕಿದಿರಾ?
– ಬಸವನಗುಡಿ